ಮರಳಲ್ಲಿ ಹೂತ ಕೊಂಬೆ

ಕಳೆದ ಶನಿವಾರ ಆಸ್ಟ್ರೇಲಿಯಾದ ವೊಲೊಂಗಾಂಗ್ ಹತ್ತಿರದ ಬೀಚಿಗೆ ಕಳೆ ಕೀಳಲು ಹೋಗಿದ್ದೆ. ಮರಳು ದಿಬ್ಬ ನೋಡಿಕೊಳ್ಳುವ ಸ್ವಯಂಸೇವಕರ ಜೊತೆ ನನಗಿದು ಮೂರನೇ ಚಳಿಗಾಲ. ಆಗಸ್ಟ್ ಬಂತೆಂದರೆ ಇಲ್ಲಿ ಕೋಸ್ಟಲ್ ವಾಟಲ್ ಹೂ ಬಿಡುತ್ತದೆ. ಪೊದೆ ತುಂಬಾ ಹಳದಿ ತೆನೆ.

ಇದು ಜಾಲಿಯ ಬಳಗದ್ದೇ, ಆದರೆ ಮುಳ್ಳಿಲ್ಲ. ಮೊಳಕೆಯಲ್ಲಿ ಮಾತ್ರ ಜಾಲಿಯಂಥ ಸಣ್ಣ ಸಣ್ಣ ಎಲೆ. ಆಮೇಲೆ ಬರುವುದು ಎಲೆಯೇ ಅಲ್ಲ, ಅಗಲವಾದ ತೊಟ್ಟು! ದಪ್ಪ, ಗಟ್ಟಿ. ಉಪ್ಪುಗಾಳಿಗೆ ಜಗ್ಗುವುದಿಲ್ಲ.

ಕಡಲಿನ ಕಡೆಯಿಂದ ಮೊದಲು ಸ್ಪಿನಿಫೆಕ್ಸ್ ಹುಲ್ಲು. ಅದರ ಹಿಂದೆ ವಾಟಲ್. ಇನ್ನೂ ಹಿಂದೆ, ಗಾಳಿ ತಗ್ಗಿದ ಕಡೆ, ಬ್ಯಾಂಕ್ಸಿಯಾ ಮರಗಳು.

ಮೊದಲ ವರ್ಷ ಅರ್ಧ ಹೂತುಹೋಗಿದ್ದ ಕೊಂಬೆಯೊಂದನ್ನು ಒಣಗಿದೆ ಅಂದುಕೊಂಡು ಎಳೆದೆ. ಬರಲಿಲ್ಲ. ಮರಳು ಸರಿಸಿ ನೋಡಿದರೆ ಕೊಂಬೆಯಿಂದಲೇ ಬೇರು ಇಳಿದಿತ್ತು! ಜೊತೆಗಿದ್ದ ಹಿರಿಯರೊಬ್ಬರು, ಅದನ್ನು ಬಿಡು, ದಿಬ್ಬ ಹಿಡಿದಿರುವುದೇ ಅದು ಅಂದರು. ಗಾಳಿ ಮರಳು ತಂದು ಮುಚ್ಚುತ್ತದೆ, ಮುಚ್ಚಿದ ಕಡೆ ಇದು ಬೇರು ಬಿಟ್ಟು ಮುಂದೆ ಹರಡುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುತ್ತದೆ. ಬರೀ ಮರಳಲ್ಲಿ ಬದುಕಲು ಇನ್ನೇನು ಬೇಕು?

ನಾವು ಕೀಳುವುದು ಬಿಟೂ ಬುಷ್. ದಕ್ಷಿಣ ಆಫ್ರಿಕಾದ ಗಿಡ. 1946ರಿಂದ 1968ರವರೆಗೆ ಇಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದ ಕರಾವಳಿಯಲ್ಲಿ ಮರಳು ನಿಲ್ಲಿಸಲೆಂದೇ ಅದನ್ನು ನೆಟ್ಟರು. ಅದು ವಾಟಲ್‌ನ ಜಾಗವನ್ನೇ ನುಂಗಿತು. ನನಗೆ ಇದು ತುಂಬಾ ಬೇಸರದ ಸಂಗತಿ. ಆ ಕೆಲಸಕ್ಕೆ ವಾಟಲ್ ಇಲ್ಲೇ ಇತ್ತಲ್ವಾ? ಅತ್ತ ದಕ್ಷಿಣ ಆಫ್ರಿಕಾಕ್ಕೆ ಆಸ್ಟ್ರೇಲಿಯಾದ ವಾಟಲ್‌ಗಳನ್ನು ಒಯ್ದು ನೆಟ್ಟರು, ಅದೂ ಮರಳು ನಿಲ್ಲಿಸಲು. ಅಲ್ಲಿ ಇವೇ ಕಳೆ.

ಅಷ್ಟು ದೂರ ಯಾಕೆ, ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲೇ ಕೋಸ್ಟಲ್ ವಾಟಲ್ ದಿಬ್ಬ ದಾಟಿ ಒಳನಾಡಿನ ಕುರುಚಲು ಬಯಲಿಗೆ ನುಗ್ಗಿ ಸಣ್ಣ ಗಿಡಗಳನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಎಲ್ಲ ಕಡೆ ನೆಡಿ ಅಂತ ನಾನು ಹೇಳುವುದಿಲ್ಲ. ಇದರ ಮನೆ ಆ ದಿಬ್ಬ.

ಅವತ್ತು ನಾನು ಎಳೆದ ಕೊಂಬೆ ಈಗ ಸೊಂಟದೆತ್ತರದ ಪೊದೆ. ಈ ಸಲ ಅದರಲ್ಲೂ ಹೂ ಇತ್ತು. ಸುತ್ತಲಿನ ಬಿಟೂ ಕಿತ್ತು, ಸ್ವಲ್ಪ ಹೊತ್ತು ಅದರ ಪಕ್ಕದಲ್ಲೇ ಸುಮ್ನೆ ಕೂತಿದ್ದೆ.