ಚಿನ್ನ ಕೇಳುವ ಮಕ್ಕಳಿಗೆ ಬೂದಿ ದಿಬ್ಬ ತೋರಿಸುವ ಕೆಲಸ

ಶಾಲೆ ಮಕ್ಕಳನ್ನು ಬಳ್ಳಾರಿ ಸುತ್ತಮುತ್ತಲ ಹಳೇ ನೆಲೆಗಳಿಗೆ ಕರೆದುಕೊಂಡು ಹೋಗಿ ವಿವರಿಸುವುದು ನನ್ನ ಕೆಲಸ. ಬಸ್ಸು ಇಳಿಯುತ್ತಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಇಲ್ಲಿ ಚಿನ್ನ ಸಿಕ್ಕಿತ್ತಾ?" ಪಾಪ, ಅವರಾದರೂ ಏನು ಮಾಡಿಯಾರು? ನೆಲ ಅಗೆದರೆ ನಿಧಿಗೇ ಅನ್ನೋದು ದೊಡ್ಡವರ ಬಾಯಲ್ಲೂ ಇದೆ. ಆ ಆಸೆಗೆ ಎಷ್ಟೋ ಹಳೇ ಕಲ್ಲುಗೋರಿಗಳು ಹಾಳಾಗಿವೆ.

ಅದಕ್ಕೇ ನಾನು ರಾಜರ ಕಥೆಯಿಂದ ಶುರು ಮಾಡುವುದಿಲ್ಲ. ಕುಡತಿನಿ ಹತ್ತಿರದ ಬೂದಿ ದಿಬ್ಬದ ಮುಂದೆ ನಿಲ್ಲಿಸಿ, ಇದೇನಿರಬಹುದು ಹೇಳಿ ಅನ್ನುತ್ತೇನೆ. ರಾಕ್ಷಸನನ್ನು ಸುಟ್ಟ ಬೂದಿ ಅನ್ನುವವರು ಇದ್ದೇ ಇರುತ್ತಾರೆ. ಹಂಪಿ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತಾರಲ್ವಾ, ಹಾಗೆ. ನಾನು ಅಲ್ಲಗಳೆಯುವುದಿಲ್ಲ. ಬಗ್ಗಿ ನೋಡಿ ಅನ್ನುತ್ತೇನೆ, ಅಷ್ಟೆ. ಬಿಳಿ ಬೂದಿಯ ನಡುವೆ ಕರಗಿ ಗಟ್ಟಿಯಾದ, ತೂತು ತೂತಾದ ಗಡ್ಡೆಗಳು ಕಾಣುತ್ತವೆ. ಆಮೇಲೆ ನನ್ನ ಪ್ರಶ್ನೆ: "ನಿಮ್ಮಲ್ಲಿ ಯಾರ ಮನೇಲಿ ದನ ಇದೆ? ತಿಪ್ಪೆ ಎಷ್ಟೆತ್ತರ ಆಗುತ್ತೆ?"

ಇಲ್ಲಿ ತರಗತಿ ತಲೆಕೆಳಗಾಗುತ್ತದೆ. ಪಾಠದಲ್ಲಿ ಬಾಯಿ ಬಿಡದ ಹುಡುಗನೇ ಮೇಷ್ಟ್ರಾಗುತ್ತಾನೆ. ಸಗಣಿ ಬೆಂಕಿ ಎಷ್ಟು ಹೊತ್ತು ಉರಿಯುತ್ತೆ, ಮಳೆಗಾಲದಲ್ಲಿ ಕೊಟ್ಟಿಗೆ ಹೇಗಿರುತ್ತೆ, ಎಲ್ಲ ಅವನಿಗೆ ಗೊತ್ತು. 4,000 ವರ್ಷಕ್ಕೂ ಹಿಂದೆ ಇಲ್ಲಿ ದನ ಸಾಕುತ್ತಿದ್ದವರು ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟರು ಅಂದಾಗ ಯಾರೂ ಆಕಳಿಸುವುದಿಲ್ಲ. ಯಾಕೆ ಸುಟ್ಟರು ಅನ್ನುವುದರಲ್ಲಿ ಪಂಡಿತರಿಗೇ ಒಮ್ಮತ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1950ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ, ಬೂದಿ ಪದರದ ಮೇಲೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಇದನ್ನು ಕೇಳಿದ ಮೇಲೆ ಚಿನ್ನದ ಸುದ್ದಿ ಬರುವುದು ಕಡಿಮೆ.

ಮಧ್ಯಾಹ್ನ ಸಂಗನಕಲ್ಲು ಗುಡ್ಡ. ಕಲ್ಲಿನ ಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪು ಗೀರುಗಳಿಗೆ ಬೆರಳಿಟ್ಟು ನೋಡಲು ನೂಕುನುಗ್ಗಲು. ಇಲ್ಲಿ ಸುಟ್ಟು ಕರಕಲಾದ ಹುರುಳಿ ಕಾಳೂ ಸಿಕ್ಕಿವೆ ಅಂದರೆ "ಆಗ್ಲೂ ಹುರುಳಿನೇನಾ!" ಅಂತ ಗೊಣಗುತ್ತಾರೆ.

ಉತ್ಖನನ ಕಲಿಸಲೆಂದು ಮರಳು ತೊಟ್ಟಿಯಲ್ಲಿ ನಾಣ್ಯ ಹೂತು ಮಕ್ಕಳಿಂದ ಹುಡುಕಿಸುವ ಆಟ ನನಗೆ ಅಷ್ಟಾಗಿ ಹಿಡಿಸಲ್ಲ. ಸುಮ್ನೆ ನಿಧಿ ಹುಚ್ಚು ಜಾಸ್ತಿ ಆಗುತ್ತೆ. ಅದರ ಬದಲು ಮಡಕೆ ಚೂರು ಕಂಡರೆ ಎತ್ತಬೇಡಿ, ಅಕ್ಕಪಕ್ಕ ಏನೇನಿದೆ ಬರೆದುಕೊಳ್ಳಿ ಅನ್ನುತ್ತೇನೆ. ಜೇಬಿಗೆ ಹೋದ ಚೂರು ಯಾವ ಜಾಗದ್ದು, ಯಾವುದರ ಜೊತೆ ಬಿದ್ದಿತ್ತು ಅಂತ ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ.