ಮಲೆನಾಡಿನ ಮಳೆಗಾಲದಲ್ಲಿ ಮಖಮಲ್ಲು ಜೇಡ

ಶಿಕಾರಿಪುರದ ಕಡೆಯ ಜಾಲಿ ಬೇಲಿಯಲ್ಲಿ ಒಣಗಿದ ಎಲೆ, ಸತ್ತ ದುಂಬಿಗಳ ರೆಕ್ಕೆ ಎಲ್ಲವನ್ನೂ ಸೇರಿಸಿ ಹೆಣೆದ, ಕೊಳೆಯಾದ ಹತ್ತಿಯುಂಡೆಯಂತಹ ಗೂಡೊಂದು ಕಣ್ಣಿಗೆ ಬಿತ್ತು. ಸ್ಟೆಗೊಡಿಫಸ್ ಸರಸಿನೋರಮ್ ಎಂಬ, 1892ರಲ್ಲಿ ಜರ್ಮನಿಯ ಜೇಡತಜ್ಞ ಕಾರ್ಷ್ ಹೆಸರಿಸಿದ ಈ ಜೇಡದ ಮೈಮೇಲೆ ಒತ್ತಾದ ಸಣ್ಣ ರೋಮಗಳಿರುವುದರಿಂದ ನಾನಿದನ್ನು ಮಖಮಲ್ಲು ಜೇಡವೆಂದೇ ಕರೆಯುತ್ತೇನೆ. ಇದರದು ಕೂಡುಕುಟುಂಬ, ಬೇಟೆ, ಬಲೆಯ ದುರಸ್ತಿ ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲೂ ಕಾಣಸಿಗುವ ಇದರ ದಾಯಾದಿ ಸ್ಟೆಗೊಡಿಫಸ್ ಲಿನಿಯೇಟಸ್ ಮಾತ್ರ ಒಂಟಿ. ಅದರ ಗಂಡು, ಹೆಣ್ಣು ಕಾಯುತ್ತಿರುವ ಮೊಟ್ಟೆಚೀಲವನ್ನು ಕಿತ್ತೆಸೆದು, ತನ್ನ ಸಂತಾನಕ್ಕೆ ಅವಕಾಶ ಮಾಡಿಕೊಳ್ಳುವುದೂ ಉಂಟು.

ಗೂಡಿನ ಒಂದು ಸಣ್ಣ ತುಂಡನ್ನು ರೆಂಬೆಸಮೇತ ತೀರ್ಥಹಳ್ಳಿಯ ಮನೆಗೆ ತಂದು, ಬದಿಗಳಲ್ಲಿ ತೂತು ಕೊರೆದ ಡಬ್ಬಿಯಲ್ಲಿಟ್ಟೆ. ಇದರ ಬಲೆಯಲ್ಲಿ ಅಂಟಿಲ್ಲ. ಹಿಂಗಾಲಿನ ಬಾಚಣಿಗೆಯಂತಹ ರೋಮಸಾಲಿನಿಂದ ನೂಲನ್ನು ಎಳೆದೆಳೆದು ಹಿಂಜಿದಾಗ ಹುಟ್ಟುವ ಅತಿಸೂಕ್ಷ್ಮ ಎಳೆಗಳೇ ಕೀಟದ ಕಾಲನ್ನು ಹಿಡಿಯುತ್ತವೆ. ಬೆಂಕಿಕಡ್ಡಿಯ ತುದಿಯನ್ನು ತಾಗಿಸಿ ನೋಡಿದೆ. ಎಳೆ ಒಣಗಿಯೇ ಇತ್ತು, ಆದರೂ ಕಡ್ಡಿಯನ್ನು ಬಿಡಲೊಲ್ಲದು.

ನಾನು ಮಾಡಿದ ತಪ್ಪು ನೀರಿನದು. ಜೇಡಕ್ಕೆ ಬಾಯಾರಿಕೆಯಾದೀತೆಂದು ಜುಲೈ ತಿಂಗಳಲ್ಲಿ, ಗೋಡೆಗಳೇ ಬೆವರುವ ಕಾಲದಲ್ಲಿ, ದಿನವೂ ನೀರು ಚಿಮುಕಿಸಿದೆ. ವಾರದೊಳಗೆ ಗೂಡಿನ ಒಳಮಗ್ಗುಲಿಗೆ ಬೂಷ್ಟು ಹಿಡಿದು ಎರಡು ಜೇಡಗಳು ಸತ್ತವು. ಬೇಟೆಯ ರಸದಲ್ಲಿಯೇ ಇವುಗಳಿಗೆ ಬೇಕಾದಷ್ಟು ನೀರು ಸಿಗುತ್ತದೆಂಬುದು ಆಮೇಲೆ ತಿಳಿಯಿತು. ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗಿಟ್ಟು, ತೇವ ಹೀರಲೆಂದು ಹುರಿದ ಅಕ್ಕಿಯ ಗಂಟನ್ನು ಪಕ್ಕದಲ್ಲಿರಿಸಿ, ಎರಡು ದಿನಕ್ಕೊಮ್ಮೆ ಅಕ್ಕಿಯನ್ನು ಮತ್ತೆ ಹುರಿಯತೊಡಗಿದೆ. (ಮನೆಯವರು ಜೇಡಕ್ಕೂ ಅನ್ನವೇ ಎಂದು ನಕ್ಕರು.) ವಾರಕ್ಕೊಂದೆರಡು ಮಿಡತೆಗಳು ಸಾಕಾದವು, ತಿಂದುಳಿದದ್ದನ್ನು ಮಾತ್ರ ತಡಮಾಡದೆ ತೆಗೆಯಬೇಕು.

ಉಳಿದವುಗಳಲ್ಲಿ ಒಂದು ಹೆಣ್ಣು ಮೊಟ್ಟೆಚೀಲ ಕಟ್ಟಿತು. ಮರಿಗಳಿಗೆ ಅದು ತನ್ನ ಹೊಟ್ಟೆಯಿಂದ ದ್ರವವನ್ನು ಕಕ್ಕಿ ಉಣಿಸುತ್ತ ಬಂದಂತೆ ಅದರ ಉದರ ಸುಕ್ಕಾಗುತ್ತಿತ್ತು. ಹಸಿವೆಯೆಂದು ಭ್ರಮಿಸಿ ಮಿಡತೆಗಳನ್ನು ಹೆಚ್ಚಿಸಿದೆ, ಅದು ಮುಟ್ಟಲಿಲ್ಲ. ಈ ಕುಲದಲ್ಲಿ ತಾಯಿಯ ಒಳಗಿನ ಅಂಗಾಂಶಗಳೇ ಕರಗಿ ಮರಿಗಳ ಆಹಾರವಾಗುತ್ತವೆ, ಕೊನೆಗೆ ಮರಿಗಳು ತಾಯಿಯನ್ನೇ ಹೀರುತ್ತವೆ. ಒಂದು ಬೆಳಿಗ್ಗೆ ಹೊಗೆಬಣ್ಣದ ಪೊಳ್ಳು ಚರ್ಮವೊಂದಕ್ಕೆ ಮರಿಗಳು ಇನ್ನೂ ಅಂಟಿಕೊಂಡಿದ್ದವು. ಅದನ್ನು ತೆಗೆಯದೆ ಹಾಗೆಯೇ ಬಿಟ್ಟೆ. ಬಿಸಿಲು ಗಟ್ಟಿಯಾದ ಮೇಲೆ ಗೂಡನ್ನು ರೆಂಬೆಸಮೇತ ಅದೇ ಬೇಲಿಗೆ ಕೊಂಡೊಯ್ದು ನಾರಿನಿಂದ ಕಟ್ಟಿ ಬಂದೆ.