ಸಂಬಳ ಸರಿಯಿದ್ದರೂ ಬೇಸರ ಯಾಕೆ?

ಸಂಬಳ ಏರಿಸಿದ್ದೇವೆ, ಆದರೂ ಜನ ಖುಷಿಯಾಗಿಲ್ಲ ಅನ್ನುವುದು ಎಚ್‌ಆರ್ ವಿಭಾಗಗಳ ಹಳೇ ಕೊರಗು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ ಅವರು ಹೇಳಿದ್ದಿಷ್ಟು: ಸಂಬಳ, ನಿಯಮ, ಮೇಲ್ವಿಚಾರಣೆ ಕೆಟ್ಟರೆ ಅಸಮಾಧಾನ ಖಂಡಿತ, ಆದರೆ ಅವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟದು. ಅದಕ್ಕೆ ಸಾಧನೆ, ಮನ್ನಣೆ, ಜವಾಬ್ದಾರಿ ಬೇಕು. ಈ ಸಿದ್ಧಾಂತಕ್ಕೆ ಟೀಕೆಗಳೂ ಇವೆ, ಆದರೂ ಕೆಲಸಕ್ಕೆ ಬರುವ ವಿಂಗಡಣೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಮುರಿಯುವುದು ಅಪ್ರೈಸಲ್‌ನಲ್ಲಿ. ವರ್ಷಕ್ಕೊಮ್ಮೆ ರೇಟಿಂಗ್ ಕೊಡಲು ಕೂತ ಮ್ಯಾನೇಜರ್‌ಗೆ ನೆನಪಿರುವುದು ಹೆಚ್ಚಾಗಿ ಕೊನೆಯ ಒಂದೆರಡು ತಿಂಗಳ ಕೆಲಸ. ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಟ್ಟು ಉದ್ಯೋಗಿಗೂ ತೋರಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಇನ್‌ಕ್ರಿಮೆಂಟ್ ಮಾತು, ಕಲಿಕೆಯ ಮಾತು ಒಂದೇ ಮೀಟಿಂಗ್‌ನಲ್ಲಿ ಬೇಡ. ಮೊತ್ತ ಕಿವಿಗೆ ಬಿದ್ದಮೇಲೆ ಉಳಿದದ್ದು ಕೇಳಿಸುವುದಿಲ್ಲ. ನಡುವೆ ಕೆಲವು ವಾರ ಬಿಡಿ. ಬೆಲ್ ಕರ್ವ್‌ಗೆ (ಇಷ್ಟು ಪಾಲು ಜನರಿಗೆ ಮಾತ್ರ ಒಳ್ಳೆ ರೇಟಿಂಗ್, ಇಷ್ಟು ಪಾಲಿಗೆ ಕಡಿಮೆ ಅಂತ ಮೊದಲೇ ಗೊತ್ತು ಮಾಡಿದ ಹಂಚಿಕೆ) ಹೊಂದಿಸಲೆಂದು ಚೆನ್ನಾಗಿ ದುಡಿದವರ ರೇಟಿಂಗ್ ಇಳಿಸುವುದಂತೂ ಅನ್ಯಾಯ. 8 ಜನರ ತಂಡಕ್ಕೆ ಆ ಲೆಕ್ಕ ಕೂರುವುದೇ ಇಲ್ಲ.

ಉದ್ಯೋಗಿಗಳ ಅಭಿಪ್ರಾಯ ತಿಳಿಯಲು ಸರ್ವೆ ಮಾಡಿದರೆ, 5ಕ್ಕಿಂತ ಕಡಿಮೆ ಉತ್ತರ ಬಂದ ತಂಡದ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬೇಡಿ. ಬರೆದವರು ಯಾರೆಂದು ಸುಲಭವಾಗಿ ಗೊತ್ತಾಗುತ್ತದೆ. ಏನು ಬದಲಾಗುತ್ತದೆ, ಏನು ಆಗುವುದಿಲ್ಲ, ಯಾಕೆ ಅಂತ ಬೇಗ ತಿಳಿಸಿ. ಮೌನವಾಗಿದ್ದರೆ ಮುಂದಿನ ಸಲ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಇನ್ನೊಂದು, ರಾಜೀನಾಮೆ ಕೊಟ್ಟವರಿಗೆ ಕೇಳುವ ಪ್ರಶ್ನೆಗಳನ್ನು ದಯವಿಟ್ಟು ಇನ್ನೂ ಕೆಲಸದಲ್ಲಿರುವವರಿಗೆ ಕೇಳಿ.